ತಕರಾರು ಇದ್ದಲ್ಲಿ

ದಿನಕ್ಕೆ ಎಂಟು ಟ್ರಿಪ್ಪು. ಊರ ಹೆಸರು ಕೂಗುವುದೇ ನನ್ನ ಕೆಲಸ:
ಕೋಡಿಬಾಗ, ಸದಾಶಿವಗಡ, ಚಿತ್ತಾಕುಲ, ಮಾಜಾಳಿ.
ಕೂಗಿದ ಕೂಡಲೇ ಯಾರಾದರೊಬ್ಬರು ಏಳುತ್ತಾರೆ,
ಮೀನಿನ ಬುಟ್ಟಿ ಎತ್ತುತ್ತಾರೆ,
ಸೀಟಿನಡಿ ಮಗುವಿನ ಚಪ್ಪಲಿ ತಡಕುತ್ತಾರೆ.
ಹೆಸರೆಂದರೆ ಇಳಿಯುವ ಜಾಗ
ಎಂದೇ ತಿಳಿದಿದ್ದೆ.

ನಮ್ಮ ಕಡೆ ಅಡ್ಡಹೆಸರೂ ಊರೇ.
ಅವನು ಚೆಂಡೇಕರ್, ಚೆಂಡಿಯಾದವನು.
ಮಗಳು ಆ ಊರಿನ ಒಂದು ತೆಂಗಿನ ಮರವನ್ನೂ ಕಂಡವಳಲ್ಲ,
ಆದರೂ ಹತ್ತು ವರ್ಷ ಹೊತ್ತಳು ಅದನ್ನು
ಪಾಟೀಚೀಲದ ಮೇಲೆ, ಟಿಫಿನ್ ಡಬ್ಬಿಯ ಮುಚ್ಚಳದ ಮೇಲೆ,
ಪೋಲಿಯೋ ಹನಿಯ ಕಾರ್ಡಿನ ಮೇಲೆ.

ಅಡ್ಡಹೆಸರು ನಿಜಕ್ಕೂ ಅಡ್ಡ ಬಂದದ್ದು ಈ ಜೂನಿನಲ್ಲಿ,
ಐದನೇ ಕ್ಲಾಸಿಗೆ ಹೊಸ ಶಾಲೆ ಸೇರಿಸುವಾಗ.
"ತಂದೆಯ ಸಹಿ ಎಲ್ಲಿ, ಬಾಯಿ?"
ವಾಸ್ಕೋದಲ್ಲಿದೆ ಸರ್ ಎಂದೆ.
ಅಥವಾ ಇತ್ತು, ಆರು ವರ್ಷದ ಕೆಳಗೆ,
ಒಂದು ಡ್ರೆಜರ್ ಹಡಗಿನ ಮಸ್ಟರ್ ಪುಸ್ತಕದಲ್ಲಿ.

ಶೇಜವಾಡಕರ್ ವಕೀಲರು ಕನ್ನಡಕ ಒರೆಸುತ್ತ ಹೇಳಿದರು:
ಅಪ್ಪನ ಕಾಲಂ ಹಾಗೇ ಇರುತ್ತದೆ,
ಅದನ್ನು ಅಳಿಸುವ ರಬ್ಬರು ಯಾವ ಕೋರ್ಟಿನಲ್ಲೂ ಇಲ್ಲ.
ಬದಲಾಗುವುದು ಬಾಲ ಮಾತ್ರ.

ರಿಜಿಸ್ಟರ್ ಪೋಸ್ಟು ಮರಳಿ ಬಂತು, ಮೂಲೆಯಲ್ಲಿ ಕೆಂಪು ಅಕ್ಷರ:
ವಿಳಾಸದಾರರು ಬಿಟ್ಟುಹೋಗಿದ್ದಾರೆ.
ನನಗೆ ಗೊತ್ತಿದ್ದ ಸುದ್ದಿಗೇ
ಅಂಚೆ ಇಲಾಖೆಯ ಮೊಹರು.

ಆಮೇಲೆ ಪೇಪರಿನಲ್ಲಿ ಪ್ರಕಟಣೆ,
ಐಸ್ ಪ್ಲಾಂಟಿನ ಹರಾಜು ಮತ್ತು ಕಳೆದುಹೋದ ಮಾರ್ಕ್ಸ್ ಕಾರ್ಡಿನ ನಡುವೆ
ಎರಡು ಬೆರಳಗಲದ ಜಾಗದಲ್ಲಿ ನಮ್ಮ ಸಂಸಾರ:
ಮೂವತ್ತು ದಿನದೊಳಗೆ ತಕರಾರು ಇದ್ದಲ್ಲಿ
ಖುದ್ದು ಹಾಜರಾಗತಕ್ಕದ್ದು.

ತಕರಾರು!
ಅವನಿಗೆ ಅದೊಂದು ಇರಲೇ ಇಲ್ಲ ಯಾವತ್ತೂ.
ಸಾರಿಗೆ ಉಪ್ಪಿಲ್ಲವೇ, ನಡೆಯುತ್ತದೆ.
ಹಂಚು ಸೋರುತ್ತದೆಯೇ, ಇರಲಿ ಬಿಡು.
ಹೆಣ್ಣು ಹುಟ್ಟಿತೇ, ಒಳ್ಳೇದೇ ಆಯಿತು.
ಹೋಗುವಾಗಲೂ ಬಾಗಿಲನ್ನು
ಮಗು ಎದ್ದೀತೆಂದು ಮೆಲ್ಲಗೇ ಎಳೆದುಕೊಂಡ.
ಸುಳ್ಳು ಯಾಕೆ ಹೇಳಲಿ, ಆ ಮೂವತ್ತು ದಿನವೂ
ಬಸ್ಸು ಹತ್ತಿದ ಒಬ್ಬೊಬ್ಬ ಗಂಡಸಿನ ಮುಖವನ್ನೂ
ಚಿಲ್ಲರೆ ಎಣಿಸುವ ನೆಪದಲ್ಲಿ ನೋಡಿದೆ,
ಜಗಳಕ್ಕಾದರೂ ಬಂದಾನೇ ಎಂದು.

ಕೋರ್ಟಿನ ಜವಾನ ವರಾಂಡಕ್ಕೆ ಬಂದು ಕೂಗಿದ,
ನನ್ನದಕ್ಕಿಂತ ದೊಡ್ಡ ಗಂಟಲು:
ಉಲ್ಲಾಸ ಗಣಪತಿ ಚೆಂಡೇಕರ್!
ಬೇಲಿಯಾಚೆ ಒಂದು ಆಟೋ ಸ್ಟಾರ್ಟ್ ಆಯಿತು.
ಉಲ್ಲಾಸ ಗಣಪತಿ ಚೆಂಡೇಕರ್!
ಟೈಪಿಸ್ಟು ಹಾಳೆ ಬದಲಿಸಿದಳು.
ಮೂರನೆಯ ಸಲ ಅವನೂ ಸುಸ್ತಾಗಿದ್ದನೋ ಏನೋ,
ಬರೀ ಚೆಂಡೇಕರ್ ಎಂದ.
ನನ್ನ ಪಕ್ಕದಲ್ಲಿ ಕೈಯೊಂದು ಮೇಲೆದ್ದಿತು:
"ಹಾಜರ್, ಸರ್."

ಅವಳ ಕ್ಲಾಸಿನಲ್ಲಿ ಸಾನಿಕಾಗಳು ಮೂವರು,
ಟೀಚರು ಕೂಗುವುದು ಅಡ್ಡಹೆಸರನ್ನೇ.
ಕರಿಕೋಟುಗಳ ಬೆಂಚಿನಲ್ಲಿ ನಗು ಓಡಾಡಿತು.
ಸಾಹೇಬರು ನಗಲಿಲ್ಲ.
ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದರು,
ಬರೆಸಿದರು: ಎದುರುದಾರ ಗೈರುಹಾಜರು.

ಅಷ್ಟೇ. ಜೆರಾಕ್ಸಿಗೆ ಹನ್ನೆರಡು ರೂಪಾಯಿ.
ಸಾನಿಕಾ ಮಾಜಾಳಿಕರ್, ನನ್ನ ಅಪ್ಪನ ಊರು.
ನನ್ನದಾದರೂ ಎಲ್ಲಿದೆ ಇದರಲ್ಲಿ, ಅದೂ ಗಂಡಸಿನದೇ,
ಎಂದು ಅನಿಸಿದ್ದನ್ನು ವಕೀಲರಿಗೆ ಹೇಳಲಿಲ್ಲ.

ರಜೆಯ ದಿನ ನಾನೂ ಪ್ರಯಾಣಿಕಳು.
ವಿಠೋಬ ಎರಡು ಸೊನ್ನೆ ರೂಪಾಯಿ ಟಿಕೆಟ್ ಹರಿದು ಕೊಟ್ಟ,
ಯಾವುದರಲ್ಲೂ ಹೆಸರಿಲ್ಲ, ಎಲ್ಲಿಂದ ಎಲ್ಲಿಗೆ ಎಂದಷ್ಟೇ.

ಕಾಳಿಯ ಮೇಲೆ ಎರಡು ಸೇತುವೆ ಇದ್ದವು,
ಹಳೆಯದು ಒಂದು ರಾತ್ರಿ ಕುಸಿದು ನೀರಿಗೆ ಬಿತ್ತು.
ಹೋಗುವವರೂ ಬರುವವರೂ ಈಗ ಇದೊಂದರ ಮೇಲೆಯೇ.
ನಡುವಿನಲ್ಲಿ ಅವಳು ಕೇಳಿದಳು:
"ಆಯಿ, ನಾಳೆ ಯಾರಾದರೂ ಚೆಂಡೇಕರ್ ಎಂದು ಕೂಗಿದರೆ
ನಾನು ಏಳಬೇಕೋ, ಕೂತಿರಬೇಕೋ?"

ಕಿಟಕಿಯಲ್ಲಿ ಕೂರ್ಮಗಡ. ಒಂದು ದೋಣಿ.
ಬಸ್ಸು ನಿಧಾನವಾಯಿತು.
ಸದಾಶಿವಗಡ, ಸದಾಶಿವಗಡ, ಎಂದ ವಿಠೋಬ.
ನಾವು ಇಳಿಯುವವರಲ್ಲ.
ಆದರೂ ಅವಳು ಅರ್ಧ ಎದ್ದು,
ನನ್ನ ಮುಖ ನೋಡಿ,
ಕೂತಳು.