ಕೈಗೆ ಕೂಲಿ

ಮುಖ ಬೇಡವಂತೆ, ಕೈ ಸಾಕಂತೆ.
ಜೋಹಾನ್ಸ್‌ಬರ್ಗಿನಿಂದ ಬಂದ ನಾಯಕಿಯ ಬೆರಳು
ಮೇಣದ ಬತ್ತಿಯಂತೆ ನುಣುಪು.
ಐವತ್ತು ವರ್ಷ ಪರರ ಬಟ್ಟೆ ಒಗೆದ ಕೈ ಬೇಕೆಂದು
ಕಾರೂ ಬಯಲಿನ ಈ ಊರಲ್ಲಿ ಮೂರು ದಿನ ಹುಡುಕಿ
ಈ ನೊವೆತುವಿನ ಬಾಗಿಲಿಗೆ ಬಂದರು.
ಹಿಟ್ಟು ನಾದುತ್ತಿದ್ದೆ. ಒರೆಸಿಕೊಂಡು ತೋರಿಸಿದೆ.
ಹುಡುಗ ಅಂಗೈ ಮಗುಚಿ ಮಗುಚಿ ನೋಡಿ
'ಅದ್ಭುತ' ಅಂದ,
ಸಂತೆಯಲ್ಲಿ ಕುರಿಯ ಹಲ್ಲು ನೋಡಿದವನ ಹಾಗೆ.

ಕತೆ ಇಷ್ಟು: ಮಗನನ್ನು ಕೊಂದ ಬಿಳಿ ಪೊಲೀಸು
ಮುಪ್ಪಿನಲ್ಲಿ ಬಂದು ತಾಯಿಯೆದುರು ಮಂಡಿಯೂರುತ್ತಾನೆ.
ಅವಳು ಕೈ ಎತ್ತುತ್ತಾಳೆ. ಹೊಡೆದಾಳು ಅನ್ನುವಷ್ಟರಲ್ಲಿ
ತಲೆಯ ಮೇಲಿಡುತ್ತಾಳೆ.
ಅಷ್ಟೇ. ಆಮೇಲೆ ಪಿಟೀಲು.

ಆ ದಿನ ನಾಯಕನ ತಲೆಗೂ ಬಿಡುವಿರಲಿಲ್ಲ.
ಬಾಡಿಗೆಗೆ ಒಂದು ತಲೆ ತಂದಿದ್ದರು, ನರೆತದ್ದು,
ಹಿಂದಿನಿಂದ ನೋಡಿದರೆ ಯಾರದೂ ಆಗಬಹುದಾದದ್ದು.
ನನಗೆ ಕಿವಿ ಗೊತ್ತು. ಎಡಗಿವಿಯ ತುದಿ ಹರಿದದ್ದು.
ಲಾಟೆಗನ್.
ಹಳೇ ಬಯಾಸ್ಕೋಪಿನ ಟಿಕೆಟ್ ಕಿಂಡಿಯ ಲಾಟೆಗನ್.
ಲೈಟು ಹಚ್ಚಿದ್ದೂ ಅದೇ ಬಯಾಸ್ಕೋಪಿನಲ್ಲಿ,
ಈಗದು ಉಣ್ಣೆಯ ಗೋದಾಮು.

ನನಗಾಗ ಹದಿಮೂರು.
ನಮಗೆ ಹಿತ್ತಲ ಮೆಟ್ಟಿಲು, ಕಾದ ತಗಡಿನಡಿಯ ಬೆಂಚು.
ಐದು ಸೆಂಟ್ ಚಾಚಿದರೆ ಅವನು ಮುಟ್ಟುತ್ತಿರಲಿಲ್ಲ,
ಮರದ ಅಡಿಕೋಲಿನಿಂದ ಎಳೆದುಕೊಳ್ಳುತ್ತಿದ್ದ,
ಟಿಕೆಟ್ಟನ್ನೂ ಅದರಿಂದಲೇ ನೂಕುತ್ತಿದ್ದ.
ಒಂದು ಶನಿವಾರ ನನ್ನ ಬೆರಳು
ಕಿಂಡಿಯಾಚೆ ಒಂದಿಷ್ಟು ಹೋಯಿತು.
ಅಡಿಕೋಲು ಗೆಣ್ಣಿಗೆ ಬಿತ್ತು,
ಅಗಲಕ್ಕಲ್ಲ, ಅಂಚಿನಿಂದ.
ಆ ಗೆಣ್ಣು ಈಗಲೂ ಸೊಟ್ಟ.
'ಈ ಸೊಟ್ಟ ಚೆನ್ನಾಗಿದೆ' ಅಂದ ಕ್ಯಾಮೆರಾದವನು,
'ಬೆಳಕು ಹಿಡಿಯುತ್ತದೆ.'

ಒಂದನೇ ಟೇಕು, ಕೈ ನಡುಗಲಿಲ್ಲ ಅಂದರು.
ಎರಡನೆಯದಕ್ಕೆ ನಡುಕ ಹೆಚ್ಚಾಯಿತು.
ನಾಲ್ಕಕ್ಕೆ ಹೊರಗೊಂದು ಲಾರಿ.
ಆರಕ್ಕೆ ನೊಣ.
ಕ್ಷಮಿಸುವುದೆಂದರೆ ಇಷ್ಟು ಕೆಲಸವೇ,
ನೆನೆದ ಕಂಬಳಿ ಹಿಂಡುವುದೇ ವಾಸಿ.
ಕೂದಲು ತೆಳುವಾದ ನೆತ್ತಿ ಬೆಚ್ಚಗಿತ್ತು.
ನಾನು ಹೆತ್ತವರ ನೆತ್ತಿಯಷ್ಟೇ ಬೆಚ್ಚಗೆ.
ನನಗೆ ಸಿಟ್ಟು ಬಂದದ್ದೇ ಅದಕ್ಕೆ.

ಒಂಬತ್ತನೆಯದರಲ್ಲಿ ಅವನ ಕತ್ತು ಅಲುಗಿತು.
ನೆಲ ನೋಡುತ್ತಲೇ,
ತುಟಿ ಕ್ಯಾಮೆರಾಕ್ಕೆ ಸಿಗದ ಕಡೆಯಿಂದ,
'ಕಿಂಡಿ ಇಲ್ಲೇ ಇತ್ತಲ್ಲ' ಅಂದ.
ಕಟ್! ಮಾತಾಡಬಾರದು, ಅಜ್ಜ.

ಹನ್ನೊಂದನೆಯದು ಓಕೆ ಆಯಿತು.

ಚಹಾ ಬಂತು. ಎರಡು ಎನಾಮಲ್ ಲೋಟ ಹಿಡಿದು ಅವನೇ ಬಂದ.
ಕೋಲಿಲ್ಲ, ತಟ್ಟೆಯಿಲ್ಲ, ಕೈಯಿಂದ ಕೈಗೆ.
ಬೆರಳಿಗೆ ಬೆರಳು ತಾಗಿತು. ಅವನದೂ ಒರಟೇ.
'ನನಗಾಗ ಹತ್ತೊಂಬತ್ತು' ಅಂದ.
'ನನಗೆ ಹದಿಮೂರು' ಅಂದೆ.
ಸಕ್ಕರೆ ಜಾಸ್ತಿಯಾಗಿತ್ತು.
ಅರ್ಧ ಕುಡಿದೆ.

ಮುಂದಿನ ಚಳಿಗಾಲ ಪುರಭವನದಲ್ಲಿ ಸಿನಿಮಾ ತೋರಿಸಿದರು.
ಮುಂದಿನ ಸಾಲಲ್ಲಿ ಕೂರಿಸಿದರು ನನ್ನನ್ನು.
ಪರದೆಯ ಮೇಲೆ ನನ್ನ ಕೈ, ಗೋದಾಮಿನ ಬಾಗಿಲಷ್ಟು ದೊಡ್ಡದು,
ಮೆಲ್ಲಗೆ ಇಳಿಯಿತು, ನೆತ್ತಿ ಮುಟ್ಟಿತು.
ಕತ್ತಲಲ್ಲಿ ಮೂಗು ಸೀಟುವ ಸದ್ದು.
ಬಿಳಿಯರೇ ಹೆಚ್ಚು ಅತ್ತರು,
ಹಳೆಯ ಸಾಲವೊಂದು
ಬೇರೆಯವರ ಖಾತೆಯಿಂದ ತೀರಿದ ಹಾಗೆ.
ಮೊಮ್ಮಗಳು ಝೊಲೆಕಾ ಕಿವಿಯಲ್ಲಿ ಕೇಳಿದಳು:
'ಅಜ್ಜೀ, ಕ್ಷಮಿಸಿಬಿಟ್ಟೆಯಾ?'
ಕೈ ಕ್ಷಮಿಸಿತು ಮಗೂ, ಕೂಲಿ ಕೊಟ್ಟಿದ್ದರಲ್ಲ.
ಉಳಿದದ್ದು ನನ್ನ ಹತ್ತಿರವೇ ಇದೆ.

ಹೊರಗೆ ಮೆಟ್ಟಿಲ ಮೇಲೆ ಲಾಟೆಗನ್ ನಿಂತಿದ್ದ,
ಮಂಡಿನೋವು, ಇಳಿಯಲಾರ.
ಏನೂ ತಿಳಿಯದ ಝೊಲೆಕಾ ಓಡಿಹೋಗಿ ತೋಳು ಕೊಟ್ಟಳು.
ಒಂದು ಮೆಟ್ಟಿಲು. ನಿಂತು, ಇನ್ನೊಂದು.
ಬೇಡ ಅನ್ನಲಿಲ್ಲ ನಾನು.
ನೋಡುತ್ತಾ ನಿಂತೆ,
ಕೋಟಿನ ಜೇಬಿನೊಳಗೆ
ಆ ಸೊಟ್ಟ ಗೆಣ್ಣನ್ನು ತಿಕ್ಕಿಕೊಳ್ಳುತ್ತಾ.