ನಾಲ್ಕು ಪಾಯಿಂಟ್ ಮೂರು

ಆದವಾನಿಯಲ್ಲಿ ರಾತ್ರಿ ಎರಡಕ್ಕೆ
ಜಿನ್ನಿಂಗ್ ಮಿಲ್ಲುಗಳೆಲ್ಲ ಬಾಯಿ ಮುಚ್ಚಿದ ಮೇಲೆ
ಇನ್ನೂರಾ ಮೂವತ್ತು ವೋಲ್ಟು ನಿಜವಾಗಿ ಇನ್ನೂರಾ ಮೂವತ್ತು.
ಅಲ್ಲಿಯವರೆಗೆ ಅದು ಬರೀ ಮಾತು.

ಚಳಿ ಶಿವಶಿವಾ ಅಂತ ಹೋಗಿ ವಾರವಾಗಿಲ್ಲ,
ಆಗಲೇ ಬಂಡೆಗುಡ್ಡಗಳು ಹಗಲು ನುಂಗಿದ್ದನ್ನು
ರಾತ್ರಿಯಿಡೀ ಉಗುಳುತ್ತಿವೆ.
ಡಬ್ಬಿಯ ಪಕ್ಕದ ತಗಡು ಬಿಚ್ಚಿ
ಟೇಬಲ್ ಫ್ಯಾನು ತಿರುಗಿಸಿ ಇಟ್ಟಿದ್ದೇನೆ
ಮದುವೆಮನೆಯ ಅಡುಗೆಯವನಿಗೆ ಇಟ್ಟ ಹಾಗೆ.

ಕೋಟೆ ಬೀದಿಯ ಗೇಮ್ ಸೆಂಟರ್ ಮುಚ್ಚಿದಾಗ
ಎರಡು ಸಾವಿರದ ಎಂಟುನೂರಕ್ಕೆ ಕೊಂಡದ್ದು.
ಸಿರಾಜುದ್ದೀನ್ ಸಾಬರು ಕೀಬೋರ್ಡನ್ನು
ಬೋರಲು ಹಾಕಿ ಕೊಡವಿ ಕೊಟ್ಟರು,
ಉದುರಿದ್ದು ಶೇಂಗಾ ಸಿಪ್ಪೆ, ಒಂದು ಕಿವಿಯೋಲೆಯ ತಿರುಪು.
ಡಬ್ಲ್ಯೂ ಗುಂಡಿ ಮಾತ್ರ ನುಣ್ಣಗೆ ಸವೆದು
ಅಕ್ಷರವೇ ಇಲ್ಲ.
ಈ ಊರಿನ ಹುಡುಗರು
ಹನ್ನೊಂದು ವರ್ಷ ಮುಂದಕ್ಕೇ ಓಡಿದ್ದಾರೆ.

ಬಿಚ್ಚಿದರೆ ಹೀಟ್‌ಸಿಂಕಿನ ಹಲ್ಲುಸಂದಿಗೆಲ್ಲ ಅರಳೆ,
ಒಂದು ಬತ್ತಿ ಹೊಸೆಯುವಷ್ಟು.
ನಮ್ಮಲ್ಲಿ ಅದು ಎಲ್ಲಿಗೂ ಬರುತ್ತದೆ:
ಮಜ್ಜಿಗೆಗೆ, ರೆಪ್ಪೆಗೆ, ನಾನು ಬರೆಯುವ ಬಿಲ್ಲುಪುಸ್ತಕಕ್ಕೆ.
ಇಲ್ಲೇಕೆ ಬರಬಾರದು.

ರ‍್ಯಾಮು ಬಳ್ಳಾರಿಯದು, ಯಾರದೋ ಲ್ಯಾಬಿನದು.
ಗ್ರಾಫಿಕ್ಸ್ ಕಾರ್ಡು ಗುಂತಕಲ್ಲಿನ ರೈಲ್ವೆ ಕ್ಲಾರ್ಕನದು,
ಟವೆಲಲ್ಲಿ ಸುತ್ತಿ ಪ್ಯಾಸೆಂಜರಿನಲ್ಲಿ ತಂದೆ,
ತೊಡೆಯ ಮೇಲೆ ಇಟ್ಟುಕೊಂಡು, ಪಕ್ಕದ ಹೆಂಗಸು
ಎಷ್ಟು ತಿಂಗಳವ್ವಾ ಅಂದಳು.
ಹೊಸದು ಅಂತ ಇರೋದು ಥರ್ಮಲ್ ಪೇಸ್ಟು ಒಂದೇ.
ಬಟಾಣಿಯಷ್ಟು ಹಚ್ಚಬೇಕಂತೆ.
ಹಸಿಯದೋ ಒಣದೋ ಯಾರೂ ಹೇಳುವುದಿಲ್ಲ.

ಮೂರು ಪಾಯಿಂಟ್ ಐದು, ಅದರ ಹಣೆಬರಹ.
ಅದನ್ನು ತಿದ್ದಲು ಕೂತವಳು ನಾನು.
ಮೂವತ್ತೊಂಬತ್ತಕ್ಕೆ ಏರಿಸಿದೆ. ಎದ್ದಿತು.
ನಲವತ್ತೊಂದು. ಎದ್ದಿತು.
ನಲವತ್ನಾಲ್ಕಕ್ಕೆ ಕೊಂಚ ವೋಲ್ಟು ಕುಡಿಸಿದೆ, ಎದ್ದಿತು,
ತೊಂಬತ್ತಾರು ಡಿಗ್ರಿ ಅಂದಿತು,
ನೀಲಿಯಾಗಿ ಬಿತ್ತು.
ಮತ್ತೆ ಎಬ್ಬಿಸಿದೆ. ಮತ್ತೆ ಬಿತ್ತು.
ಮೂರನೇ ಸಲ
ಬೀಳುವುದಕ್ಕೂ ಏಳಲಿಲ್ಲ.

ಆಗ ಬಂದ ತಿಕ್ಕಯ್ಯ ಮಾವ, ಪಾಳಿ ಮುಗಿಸಿ,
ಹುಬ್ಬಿನ ಮೇಲೆ ಬಿಳಿ.
ಒಂದು ಕಿವಿಯನ್ನು ಮಿಲ್ಲಿಗೆ ಕೊಟ್ಟಾಗಿದೆ;
ಇನ್ನೊಂದಕ್ಕೆ ಸ್ಕ್ರೂಡ್ರೈವರಿನ ಹಿಡಿ ಒತ್ತಿಕೊಂಡು
ತುದಿಯನ್ನು ಫ್ಯಾನಿನ ಚೌಕಟ್ಟಿಗೆ ಮುಟ್ಟಿಸಿ
ಕಣ್ಣು ಮುಚ್ಚಿದ.
‘ಬೇರಿಂಗ್ ಒಣಗೈತೆ ಹುಲಿಗೆವ್ವ.
ತಿರುಗೋ ಸಪ್ಪಳ ಐತೆ, ಗಾಳಿ ಇಲ್ಲ.’

ನಡುವಿನ ಸ್ಟಿಕರು ಎಬ್ಬಿಸಿ
ಹೊಲಿಗೆ ಮಿಷನ್ನಿನ ಎಣ್ಣೆ, ಒಂದು ಹನಿ.
ಎರಡನೆಯದಕ್ಕೆ ನಾನು ಕೈ ನೀಡಿದರೆ
ಬಾಟಲಿ ಹಿಂದಕ್ಕೆ ತೆಗೆದುಕೊಂಡ.

ಆಮೇಲೆ ಅಂದ: ಬೆಳೆ ಬಹಳ ಬಂದ ವರ್ಷ
ಸಾಹುಕಾರ ಮೋಟರಿಗೆ ದೊಡ್ಡ ಪುಲ್ಲಿ ಹಾಕಿಸಿದ್ದ.
‘ಓಡ್ತಾ?’
‘ಓಡ್ತು.’
ಬೀಡಿ ಹುಡುಕಿದ, ಸಿಗಲಿಲ್ಲ.
‘ನಾರು ತುಂಡಾತು.’

ನಾನು ಏನೂ ಅನ್ನದೆ ಬ್ಯಾಟರಿ ಬಿಲ್ಲೆ ತೆಗೆದು,
ಹತ್ತು ಎಣಿಸಿ, ಹಾಕಿ,
ನಲವತ್ಮೂರಕ್ಕೆ ನಿಲ್ಲಿಸಿದೆ.
ಆ ಒಂದು ಅಂಕಿ ಇವತ್ತಿಗೂ ಅಂಗೈಯಲ್ಲಿ ತುರಿಸುತ್ತದೆ.

ಆಟ ತೆರೆಯಿತು. ಎಲ್ಲಿಯದೋ ಬೆಟ್ಟ, ಹಿಮ,
ಹಿಂದೆಲ್ಲ ತಡವರಿಸಿ ತಡವರಿಸಿ ಬೀಳುತ್ತಿದ್ದದ್ದು
ಈಗ ಬಿಡಿಬಿಡಿಯಾಗಿ, ತಾನಾಗಿ, ಸುಮ್ಮನೆ.
ಮಾವ ಬಹಳ ಹೊತ್ತು ನೋಡಿದ.
‘ಅರಳೆ’ ಅಂದ.
ಮೂಗಿಗೆ ಟವೆಲು ಹಿಡಿಯಲು ಹೋಗಿ, ನಕ್ಕ.

‘ಮುಂದಕ್ಕೆ ಹೋಗೋದು ಯಾವ ಗುಂಡಿ?’
‘ಏನೂ ಬರೆದಿಲ್ಲವಲ್ಲ, ಅದು.’
ಒತ್ತಿದ. ಗೋಡೆ ಬಂತು.
ಒತ್ತೇ ಇದ್ದ.

ಎಪ್ಪತ್ತೆಂಟು ಡಿಗ್ರಿ.