ಉಲ್ಟಾ ತಂತಿ

ಬ್ರಹ್ಮಪುರದ ಮನಿ, ಶಾಬಾದಿ ಕಲ್ಲಿನ ತಂಪು ನೆಲ.
ಸೂಗಮ್ಮ ಬೋರಲು ಮಲಗ್ಯಾಳ, ಹಲ್ಲಾಗ ಟಾರ್ಚು.
ಗುಂಯ್ ಅನ್ನೂದು ನಿಂತದ, ಪ್ಲೇಯರಿನ ಸಣ್ಣ ಹಸಿರು ತಂತಿ
ಆಂಪ್ಲಿಫೈಯರಿನ ತಿರುಪಿಗಿ ಸುತ್ತಿದ ಕೂಡ್ಲೆ.
ಆದ್ರ ತಬಲಾದ ಡಗ್ಗಾ ಎಲ್ಲಿ ಹೋಯ್ತು?
ಎಡಗಡಿ ಪೆಟಿಗಿಗಿ ಕಿವಿ ಹಚ್ಚಿದ್ರ ಅದ,
ಬಲಗಡಿಗಿ ಹಚ್ಚಿದ್ರೂ ಅದ.
ನಡುವ ಕುಂತ್ರ ಇಲ್ಲ.

"ಸುಣ್ಣ ಹೊಡಿಯೋ ಮುಂದ ನಾನೇ ಬಿಚ್ಚಿದ್ದೆ,"
ಮಾಣಿಕಪ್ಪ ಗಾದಿ ಬಿಟ್ಟು ಏಳದೇ ಅಂದ,
"ಇದ್ದಂಗೇ ಕಟ್ಟೀನಿ."

ಬಲಗಡಿ, ಕೆಂಪಿನ ಜಾಗದಾಗ ಕರೀದು.
ಒಂದು ನೂಕೋ ಮುಂದ ಇನ್ನೊಂದು ಜಗ್ಗತದ,
ಎರಡೂ ಖರೇನೇ, ಎರಡರ ದನೀನೂ ಜೋರು.
ಆಕಿ ಏನೂ ಅನ್ನಲಿಲ್ಲ. ತಿರುವಿ ಕಟ್ಟಿದಳು.

ಸೂಜಿ ಇಳೀತು.
ಡಗ್ಗಾ ಬಂದು ಗಾದಿ ಮ್ಯಾಲ ಕುಂತಿತು.
ಮಾಣಿಕಪ್ಪ ಒಂದೀಟು ಸರದ,
ಜಾಗ ಕೊಟ್ಟಂಗ.